ಗುಮಾಸ್ತರು ಕಾರಿನ ಸೋರಿಕೆ ನಿಲ್ಲಿಸಿದ್ದು

ದಾಖಲೆ ಕೊಠಡಿಯ ಗುಮಾಸ್ತರು ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ಒಂದೇ ಒಂದು ಕಾಗದವನ್ನೂ ಕಳೆದವರಲ್ಲ. ಇದನ್ನು ಅವರ ಮೇಲಧಿಕಾರಿಗಳೂ ಒಪ್ಪುತ್ತಾರೆ. ಬೇಕಾದಾಗ ಆ ಕಾಗದ ಸಿಗುತ್ತಿತ್ತೇ ಎನ್ನುವುದು ಬೇರೆ ಪ್ರಶ್ನೆ. ಅದು ಎಲ್ಲೋ ಇದೆ ಎನ್ನುವುದಕ್ಕೆ ಮಾತ್ರ ಯಾವಾಗಲೂ ದಾಖಲೆ ಇರುತ್ತಿತ್ತು. ಮನೆಯಲ್ಲೂ ಅವರದು ಅದೇ ಕ್ರಮ. ಪಕ್ಕದ ಮನೆಗೆ ಏಣಿ ಕೊಟ್ಟರೂ ಬರೆದುಕೊಂಡು ಕೊಡುತ್ತಿದ್ದರು, ವಾಪಸು ಬಂದಾಗ ಮೆಟ್ಟಿಲು ಎಣಿಸಿ ತೆಗೆದುಕೊಳ್ಳುತ್ತಿದ್ದರು. ಇಂಥವರ ಕೈಗೆ ಒಂದು ದಿನ ಸ್ಪ್ಯಾನರ್ ಬಂತು. ಬಂದದ್ದು ಹೇಗೆ ಎಂದು ಹೇಳಬೇಕಾದರೆ ಕಾರಿನಿಂದ ಶುರು ಮಾಡಬೇಕು.

ಕಾರು ಅವರ ಹೆಂಡತಿಯ ತಂದೆಯದು. ಐವತ್ತೆರಡು ವರ್ಷದ ಹಿಂದೆ ಹೊಸದಾಗಿ ಕೊಂಡದ್ದು. ಕೆನೆ ಬಣ್ಣ, ದುಂಡು ಮೂತಿ, ಬಾಗಿಲು ಹಾಕಿದರೆ ಬೀರು ಮುಚ್ಚಿದ ಸದ್ದು. ಆ ತಂದೆ ಮಗಳಿಗೆ ಗಾಡಿ ಓಡಿಸುವುದನ್ನು ಕಲಿಸಿದ್ದು ಅದರಲ್ಲೇ, ತೀರಿಹೋಗುವ ಮೊದಲು ಬೀಗದ ಕೈ ಕೊಟ್ಟದ್ದೂ ಆ ಮಗಳಿಗೇ. ಕಾಗದದಲ್ಲಿ ಮಾತ್ರ ಅಳಿಯನ ಹೆಸರು ಬರೆಸಿದ್ದರು, ಯಾಕೆಂದರೆ ಕಾಗದ ಎಂದರೆ ಅಳಿಯ. ವಾರಕ್ಕೊಮ್ಮೆ ಆಕೆ ಕಾರನ್ನು ಹೊರಗೆ ತೆಗೆದು ಒಂದು ಸುತ್ತು ಹೊಡೆದು ಬಂದರೆ ಇಡೀ ದಿನ ಆಕೆಯ ಮುಖ ಅರಳಿರುತ್ತಿತ್ತು. ಕಾರಿಗೆ ಇದ್ದದ್ದು ಒಂದೇ ದೋಷ. ಅದು ಎಣ್ಣೆ ಸೋರುತ್ತಿತ್ತು. ಷೆಡ್ಡಿನಲ್ಲಿ ಎಂಜಿನ್ ಅಡಿಗೆ ಹಾಸಿದ ರಟ್ಟಿನ ಮೇಲೆ ದಿನವೂ ಅಂಗೈಯಗಲ ಕರಿ ಮಚ್ಚೆ ಬೀಳುತ್ತಿತ್ತು.

ಹೀಗಿರುವಾಗ ಒಂದು ಭಾನುವಾರ, ಊಟಕ್ಕೆ ಕೂತಾಗ, ಗುಮಾಸ್ತರು ಸರ್ಕಾರದ ಪತ್ರವೊಂದನ್ನು ಓದಿ ಹೇಳಿದರು. ಐವತ್ತು ವರ್ಷ ದಾಟಿದ ಗಾಡಿಗಳೆಲ್ಲ ಇನ್ನು ಮುಂದೆ ಪಾರಂಪರಿಕ ವಾಹನ ಎಂದು ಪ್ರಮಾಣಪತ್ರ ಪಡೆಯಬೇಕು, ಪಡೆಯದಿದ್ದರೆ ತಿಂಗಳ ಕೊನೆಗೆ ಗುಜರಿಗೆ ಹೋಗಬೇಕು. ಶುಕ್ರವಾರ ಅಧಿಕಾರಿಗಳು ಮನೆಗೇ ಬಂದು ಪರೀಕ್ಷಿಸುವರು. ವಾಹನವು ಸುಸ್ಥಿತಿಯಲ್ಲಿರತಕ್ಕದ್ದು.

ಹೆಂಡತಿ ಅನ್ನ ಕಲಸುವುದನ್ನು ನಿಲ್ಲಿಸಿದರು. "ಸುಸ್ಥಿತಿ ಅಂದ್ರೆ ಸೋರಬಾರದು ಅಂತಲಾ?"

"ಸೋರೋದು ಸುಸ್ಥಿತಿ ಹೇಗಾಗುತ್ತೆ? ನಿಲ್ಲಿಸಿಬಿಡೋಣ ಬಿಡು."

ಊಟಕ್ಕೆ ಬಂದಿದ್ದ ಹೆಂಡತಿಯ ತಮ್ಮ ಇಲ್ಲಿ ಬಾಯಿ ಹಾಕಿದ. ಅವನು ಫ್ಯಾನು, ಮಿಕ್ಸಿ ಮಾರುವ ಅಂಗಡಿ ಇಟ್ಟವನು, ಆದ್ದರಿಂದ ಯಂತ್ರಗಳೆಲ್ಲ ತನ್ನ ನೆಂಟರು ಎಂದೇ ತಿಳಿದಿದ್ದ. "ಮೆಕ್ಯಾನಿಕ್ಕಿಗೆ ಹೇಳಿಬಿಡಿ ಭಾವ. ನೀವು ಕೈ ಹಾಕ್ಬೇಡಿ. ಹೋದ ಸಲ ಬಲ್ಬು ಬದಲಾಯಿಸೋಕೆ ಹೋಗಿ ಇಡೀ ಬೀದಿಗೆ ಕರೆಂಟ್ ಇಲ್ಲದ ಹಾಗೆ ಮಾಡಿದ್ರಿ."

ಅವನು ನಕ್ಕ. ಅದನ್ನಾದರೂ ಸಹಿಸಬಹುದಿತ್ತು. ಹೆಂಡತಿ ಕೂಡ ತಲೆ ತಗ್ಗಿಸಿ ಸಾರಿನ ಕಡೆ ನೋಡಿಕೊಂಡು ನಕ್ಕರು. ಗುಮಾಸ್ತರಿಗೆ ಚುರುಕ್ಕೆಂದಿತು. ಕೈ ತೊಳೆಯುವ ಮೊದಲೇ ಘೋಷಿಸಿಬಿಟ್ಟರು, "ಮೆಕ್ಯಾನಿಕ್ಕು ಬೇಡ, ಯಾರೂ ಬೇಡ. ವಾರವೆಲ್ಲ ರಜೆ ಹಾಕ್ತೀನಿ, ಮೂರೇ ದಿನ ಸಾಕು. ನಾನೇ ಮಾಡ್ತೀನಿ."

ಸೋಮವಾರ ಬೆಳಿಗ್ಗೆ ಅವರು ಷೆಡ್ಡಿಗೆ ಇಳಿದಾಗ ಒಂದು ಕೈಯಲ್ಲಿ ಸ್ಪ್ಯಾನರ್ ಪೆಟ್ಟಿಗೆ, ಇನ್ನೊಂದರಲ್ಲಿ ಹೊಸ ರಿಜಿಸ್ಟರು. ರಿಜಿಸ್ಟರಿನಲ್ಲಿ ಗೆರೆ ಎಳೆದು ನಾಲ್ಕು ಅಂಕಣ ಮಾಡಿದ್ದರು: ಕ್ರಮ ಸಂಖ್ಯೆ, ಹೊರತೆಗೆದ ವಸ್ತು, ವಾಪಸು ಹಾಕಿದ ದಿನಾಂಕ, ಷರಾ. ಅವರ ತತ್ವ ಸರಳ. ಹೊರಗೆ ಬಂದದ್ದೆಲ್ಲ ಬರೆದುಕೊಳ್ಳಬೇಕು, ಬರೆದದ್ದೆಲ್ಲ ಒಳಗೆ ಹೋಗಬೇಕು. ಎಲ್ಲ ಸಾಲಿನಲ್ಲೂ ದಿನಾಂಕ ಬಿದ್ದರೆ ಕೆಲಸ ಮುಗಿಯಿತು. ಪ್ರಪಂಚದ ಮೆಕ್ಯಾನಿಕ್ಕುಗಳೆಲ್ಲ ಇಷ್ಟು ದಿನ ಇದನ್ನು ಯಾಕೆ ಮಾಡಲಿಲ್ಲವೋ ಎಂದು ಅವರಿಗೆ ಆಶ್ಚರ್ಯವಾಯಿತು.

ಕ್ರಮ ಸಂಖ್ಯೆ ಒಂದು, ಬ್ಯಾಟರಿ. ಬಿಚ್ಚಿದ ಮೇಲೆ ಸುಮ್ಮನೆ ಯಾಕಿರಬೇಕು ಎಂದು ಅದನ್ನು ಚಾರ್ಜಿಗೆ ಕಳಿಸಿದರು. ಎರಡು, ಎಣ್ಣೆ ಇಳಿಸುವ ಬೋಲ್ಟು. ಮೂರು, ಎಂಜಿನ್ ಎಣ್ಣೆ, ಒಂದು ಬೋಗುಣಿ ತುಂಬ, ಕಪ್ಪಗೆ ಕಾಡಿಗೆಯ ಬಣ್ಣ. ನಾಲ್ಕರಿಂದ ಇಪ್ಪತ್ತೈದರವರೆಗೆ ಎಂಜಿನ್ ಅಡಿಯಲ್ಲಿ ಎಣ್ಣೆ ನಿಲ್ಲುವ ಚೇಂಬರಿನ ಬೋಲ್ಟುಗಳು, ಒಂದೊಂದಕ್ಕೂ ದಾರದಲ್ಲಿ ಚೀಟಿ. ಇಪ್ಪತ್ತಾರು, ಚೇಂಬರು. ಇಪ್ಪತ್ತೇಳು, ಅದಕ್ಕೂ ಎಂಜಿನ್ನಿಗೂ ನಡುವೆ ಇದ್ದ ಹಳೆ ಪ್ಯಾಕಿಂಗು. ಅದು ಮುಟ್ಟಿದರೆ ಬಿಸ್ಕತ್ತಿನ ಹಾಗೆ ಮುರಿಯಿತು. ಸೋರಿಕೆಯ ಮೂಲ ಸಿಕ್ಕಿತು ಎಂದು ಗುಮಾಸ್ತರು ಕಾರಿನ ಅಡಿಯಲ್ಲಿ ಮಲಗಿಕೊಂಡೇ ಮುಗುಳ್ನಕ್ಕರು.

ಆಗ ಬೀದಿಯ ಬಡಗಿ ಬಂದ. ಬೋಗುಣಿಯಲ್ಲಿದ್ದ ಹಳೆ ಎಣ್ಣೆಯ ಮೇಲೆ ಅವನ ಕಣ್ಣು ಬಿತ್ತು. "ಸಾರ್, ಇದು ನಿಮಗೆ ಬೇಡದಿದ್ರೆ ಕೊಡಿ. ಮರಕ್ಕೆ ಬಳಿದ್ರೆ ಗೆದ್ದಲು ಹತ್ತಲ್ಲ." ಗುಮಾಸ್ತರು ಸಂತೋಷದಿಂದ ಕೊಟ್ಟರು, ಅವನ ಕೈಯಲ್ಲಿ ರುಜು ಹಾಕಿಸಿಕೊಂಡರು, ಕ್ರಮ ಸಂಖ್ಯೆ ಮೂರರ ಮುಂದೆ ಷರಾ ಬರೆದರು: ವಿಲೇವಾರಿ ಆಗಿದೆ. ಈ ಎರಡು ಪದ ಬರೆದ ಮೇಲೆ ಆ ಕಡತವನ್ನು ಮತ್ತೆ ತೆರೆಯುವ ರೂಢಿ ಅವರ ಕಚೇರಿಯಲ್ಲಿ ಇರಲಿಲ್ಲ. ವಿಲೇವಾರಿಯಾದ ವಿಷಯದ ಬಗ್ಗೆ ಯೋಚಿಸುವುದು ಅಲ್ಲಿ ಶಿಸ್ತಿಗೆ ವಿರುದ್ಧ.

ಮಂಗಳವಾರವೆಲ್ಲ ಕೆರೆದರು, ಉಜ್ಜಿದರು, ಮೊಣಕೈಗೆ ಗಾಯ ಮಾಡಿಕೊಂಡರು. ಬುಧವಾರ ಹೊಸ ಪ್ಯಾಕಿಂಗು ಕೂರಿಸಿ ಇಪ್ಪತ್ತೆರಡು ಬೋಲ್ಟನ್ನೂ ಚೀಟಿ ನೋಡಿ ಅದರದರ ಜಾಗಕ್ಕೇ ಬಿಗಿದರು. ಸಂಜೆ ರಿಜಿಸ್ಟರಿನ ಮೇಲೆ ಬೆರಳಾಡಿಸಿ ನೋಡಿದರೆ ಒಂದಕ್ಕೆ ಚಾರ್ಜಿಗೆ ಹೋಗಿದೆ ಎಂದಿತ್ತು, ಮೂರಕ್ಕೆ ವಿಲೇವಾರಿ ಎಂದಿತ್ತು, ಉಳಿದ ಎಲ್ಲಕ್ಕೂ ದಿನಾಂಕ ಬಿದ್ದಿತ್ತು. ಹೊಸ ರಟ್ಟು ಹಾಸಿ, ಸ್ನಾನ ಮಾಡಿ ಮಲಗಿದರು.

ಗುರುವಾರ ಬೆಳಿಗ್ಗೆ ರಟ್ಟು ಒಣಗಿತ್ತು. ಒಂದು ಚುಕ್ಕೆ ಇರಲಿಲ್ಲ.

ಗುಮಾಸ್ತರು ಹೆಂಡತಿಯನ್ನು ಕರೆದು ತೋರಿಸಿದರು. ಆಕೆ ಬಗ್ಗಿ ನೋಡಿದರು, ಅಂಗೈಯಿಂದ ರಟ್ಟನ್ನು ಸವರಿದರು, ಅಂಗೈ ನೋಡಿಕೊಂಡರು. "ಅಪ್ಪನ ಕೈಲೂ ಆಗಿರ್ಲಿಲ್ಲ ರೀ ಇದು" ಎಂದರು. ಮದುವೆಯಾದಾಗಿನಿಂದ ಗುಮಾಸ್ತರು ಈ ಧ್ವನಿಯನ್ನು ಕೇಳಿರಲಿಲ್ಲ. ಮೊಣಕೈಯ ಗಾಯ ಅಲ್ಲೇ ಮಾಯವಾಯಿತು.

ಎದುರು ಮನೆಯಲ್ಲಿ ನೀರು ಸರಬರಾಜು ಇಲಾಖೆಯ ನಿವೃತ್ತ ಎಂಜಿನಿಯರು ಇದ್ದರು. ಸುದ್ದಿ ಕೇಳಿ ಅವರು ಭೂತಗನ್ನಡಿ ಹಿಡಿದುಕೊಂಡೇ ಬಂದರು. ರಟ್ಟನ್ನು ಎತ್ತಿ ಬೆಳಕಿಗೆ ಹಿಡಿದರು, ಮೂಸಿದರು, ತಿರುವಿ ಹಾಕಿದರು. "ಮೂವತ್ನಾಲ್ಕು ವರ್ಷ ಸೋರಿಕೆ ವಿಭಾಗದಲ್ಲಿದ್ದವನು ನಾನು. ಕಮ್ಮಿ ಮಾಡಿದ್ದನ್ನ ನೋಡಿದ್ದೀನಿ. ಸೊನ್ನೆ ಮಾಡಿದ್ದನ್ನ ಇವತ್ತೇ ನೋಡ್ತಿರೋದು" ಎಂದು ಗುಮಾಸ್ತರ ಕೈ ಕುಲುಕಿದರು. ಆಮೇಲೆ ಬೀದಿಯಲ್ಲಿ ಹೋಗುವವರನ್ನೆಲ್ಲ ತಾವೇ ಒಳಗೆ ಕರೆದು ರಟ್ಟು ತೋರಿಸತೊಡಗಿದರು. ಒಣ ರಟ್ಟಿನಲ್ಲಿ ನೋಡುವುದಕ್ಕೆ ಏನಿದೆ ಎಂದು ಯಾರೂ ಕೇಳಲಿಲ್ಲ. ಸಂಜೆಯ ಹೊತ್ತಿಗೆ ಮಾತು ಕಚೇರಿಗೂ ಮುಟ್ಟಿ ಮೇಲಧಿಕಾರಿಯಿಂದ ಫೋನು ಬಂತು. ಸೋರಿಕೆಯಲ್ಲಿ ನಿಮಗಿರುವ ಪರಿಣತಿಯ ದೃಷ್ಟಿಯಿಂದ ದಾಖಲೆ ಕೊಠಡಿಯ ಚಾವಣಿಯ ಬಗ್ಗೆಯೂ ಒಂದು ವರದಿ ಕೊಡಬೇಕು ಎಂದರು. ಹೆಂಡತಿಯ ತಮ್ಮ ಅಂಗಡಿ ಮುಚ್ಚಿ ಓಡಿ ಬಂದ. ರಟ್ಟಿನ ಮುಂದೆ ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದು, "ಭಾವ, ಅವತ್ತು ಆಡಿದ ಮಾತು ವಾಪಸ್ ತಗೊಂಡೆ" ಎಂದ. ಗುಮಾಸ್ತರು ಇದನ್ನೂ ರಿಜಿಸ್ಟರಿನಲ್ಲಿ ಬರೆದುಕೊಳ್ಳಬಹುದಿತ್ತು, ಅಂಕಣ ಇರಲಿಲ್ಲ.

ಶುಕ್ರವಾರ ಅಧಿಕಾರಿ ಬಂದರು. ಸಣಕಲು ಮನುಷ್ಯ, ಕಂಕುಳಲ್ಲಿ ಕಡತ, ಜೇಬಿನಲ್ಲಿ ಟಾರ್ಚು. ಬಾಗಿಲು ತೆಗೆದು ಹಾಕಿದರು, ದೀಪ ಮುಟ್ಟಿದರು, ಎಲ್ಲಕ್ಕೂ ತಲೆಯಾಡಿಸಿದರು. ಆಮೇಲೆ ಕರವಸ್ತ್ರ ಹಾಸಿಕೊಂಡು ಕಾರಿನ ಅಡಿಗೆ ತೂರಿದರು. ಎದ್ದು ಬಂದಾಗ ಮುಖ ಗಂಟಿಕ್ಕಿತ್ತು.

"ಸೋರ್ತಾ ಇಲ್ವಲ್ಲ" ಎಂದರು.

"ಒಂದು ಹನಿಯೂ ಇಲ್ಲ ಸಾರ್" ಎಂದರು ಗುಮಾಸ್ತರು, ಎದೆಯುಬ್ಬಿಸಿ.

"ಅದೇ ತೊಂದರೆ. ಈ ಮಾಡಲ್ಲು ಸೋರ್ಲೇಬೇಕು. ಎಂಜಿನ್ ಹಿಂಭಾಗದಲ್ಲಿ ಕಂಪನಿಯವರು ಎಣ್ಣೆ ತಡೆಯೋ ಸೀಲೇ ಇಟ್ಟಿಲ್ಲ, ಬರೀ ಸುರುಳಿ ಗೀರು ಹೊಡೆದಿದ್ದಾರೆ. ಕಾರ್ಖಾನೆಯಿಂದ ಬರುವಾಗಲೇ ಸೋರ್ತಾ ಬಂದಿರೋ ಗಾಡಿ ಇದು. ನಾನು ನೋಡಿದ ಅರವತ್ತು ಗಾಡೀಲಿ ಸೋರದ್ದು ಮೂರು. ಮೂರರಲ್ಲೂ ಎಂಜಿನ್ ಬೇರೇದಿತ್ತು."

"ಇದು ಮೂಲ ಎಂಜಿನ್ನೇ ಸಾರ್. ನಮ್ಮ ಮಾವನವರು..."

"ಎಂಜಿನ್ ಬದಲಾಯಿಸಿದ್ರೂ, ಮಾರ್ಪಾಡು ಮಾಡಿದ್ರೂ ಪಾರಂಪರಿಕ ಅಂತ ಬರೆಯೋಕೆ ಬರಲ್ಲ. ಗುಜರಿ ಪಟ್ಟಿಗೆ ಹೋಗುತ್ತೆ. ಸ್ಟಾರ್ಟ್ ಮಾಡಿ ನೋಡೋಣ ಅಂದ್ರೆ ಬ್ಯಾಟರೀನೂ ಇಲ್ಲ. ಸೋಮವಾರ ಹನ್ನೊಂದಕ್ಕೆ ಬರ್ತೀನಿ, ಅವತ್ತೇ ಕೊನೆ."

ಅಧಿಕಾರಿ ಹೋದರು. ಹೆಂಡತಿ ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದರು. ಕಣ್ಣು ತುಂಬಿತ್ತು. ತಾನು ಇಷ್ಟು ಚೆನ್ನಾಗಿ ಕೆಲಸ ಮಾಡಬಾರದಿತ್ತು ಎಂದು ಗುಮಾಸ್ತರಿಗೆ ಜೀವನದಲ್ಲಿ ಮೊದಲ ಸಲ ಅನ್ನಿಸಿತು.

ಶನಿವಾರ ಬೆಳಗಾಗುತ್ತಲೇ ಅವರು ಮೆಕ್ಯಾನಿಕ್ಕಿನ ಷೆಡ್ಡಿಗೆ ಹೋದರು. ಈ ಮೆಕ್ಯಾನಿಕ್ಕು ಮಾವನವರ ಕಾಲದಿಂದ ಆ ಕಾರನ್ನು ಬಲ್ಲವನು, ಈಗ ತಲೆ ಪೂರ್ತಿ ಬೆಳ್ಳಗಾಗಿತ್ತು. ಗುಮಾಸ್ತರು ಅತ್ತಿತ್ತ ನೋಡಿ ಮೆಲ್ಲಗೆ ಹೇಳಿದರು. "ಕಾರು ಸ್ವಲ್ಪ ಸೋರೋ ಹಾಗೆ ಮಾಡಿಕೊಡ್ಬೇಕಲ್ಲಪ್ಪ."

ಮೆಕ್ಯಾನಿಕ್ಕು ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಟ. "ನಲವತ್ತು ವರ್ಷದಿಂದ ಸೋರೋದನ್ನ ನಿಲ್ಲಿಸಿ ಹೊಟ್ಟೆ ಹೊರೀತಿದ್ದೀನಿ ಸಾರ್. ಈ ವಯಸ್ಸಲ್ಲಿ ಉಲ್ಟಾ ಕೆಲಸ ಹೇಳ್ಬೇಡಿ." ಆಮೇಲೆ ದನಿ ತಗ್ಗಿಸಿ ಕೇಳಿದ. "ಅದಿರ್ಲಿ. ನೀವು ನಿಲ್ಲಿಸಿದ್ರಂತಲ್ಲ, ಹೇಗೆ? ನಿಮ್ಮ ಮಾವನೋರು ಇದ್ದಾಗ ಹನ್ನೊಂದು ಸಲ ಬಿಚ್ಚಿದ್ದೀನಿ, ನನ್ನ ಕೈಲಿ ಆಗಿಲ್ಲ. ಸುದ್ದಿ ಕೇಳಿದಾಗಿಂದ ಊಟ ಸೇರ್ತಿಲ್ಲ ನನಗೆ."

ಅವನು ಗುಮಾಸ್ತರ ಜೊತೆ ಅವರ ಮನೆಗೆ ಬಂದದ್ದು ಸೋರಿಸುವುದಕ್ಕಲ್ಲ, ಕಲಿಯುವುದಕ್ಕೆ. ಕಾರಿನ ಅಡಿಗೆ ಹೋಗಿ ಬಂದ. ಬೋಲ್ಟುಗಳು ಚೆನ್ನಾಗಿ ಬಿಗಿದಿವೆ ಎಂದ. ಗುಮಾಸ್ತರು ರಿಜಿಸ್ಟರು ಬಿಚ್ಚಿ ಕ್ರಮವನ್ನು ವಿವರಿಸಿದರು. ಅವನು ವಿದ್ಯಾರ್ಥಿಯ ವಿನಯದಿಂದ ಕೇಳಿಸಿಕೊಳ್ಳುತ್ತಲೇ, ಅಭ್ಯಾಸಬಲದಿಂದ ಬಾನೆಟ್ ಎತ್ತಿ ಎಣ್ಣೆ ಅಳೆಯುವ ಕಡ್ಡಿಯನ್ನು ಹೊರಗೆಳೆದ. ಅದನ್ನು ನೋಡಿದ. ಒರೆಸಿ, ಒಳಗೆ ಹಾಕಿ, ಮತ್ತೆ ತೆಗೆದು ನೋಡಿದ. ಆಮೇಲೆ ಗುಮಾಸ್ತರನ್ನು ನೋಡಿದ.

"ಎಷ್ಟು ಎಣ್ಣೆ ಹಾಕಿದ್ರಿ ಸಾರ್?"

"ಯಾವ ಎಣ್ಣೆ?"

"ಎಂಜಿನ್ ಎಣ್ಣೆ."

ಗುಮಾಸ್ತರು ಪುಟ ತಿರುವಿ ಬೆರಳಿಟ್ಟು ತೋರಿಸಿದರು. "ಕ್ರಮ ಸಂಖ್ಯೆ ಮೂರು. ವಿಲೇವಾರಿ ಆಗಿದೆ. ಬಡಗಿ ರುಜು ಇದೆ ನೋಡು."

ಮೆಕ್ಯಾನಿಕ್ಕು ರುಜುವನ್ನು ನೋಡಿದ. ಅವನ ಮುಖದ ಮೇಲೆ ಮೆಲ್ಲಮೆಲ್ಲಗೆ ಒಂದು ಕಳೆ ಬಂತು. ಮೂರು ದಿನದಿಂದ ಕಳೆದುಹೋಗಿದ್ದ ಅವನ ಮಾನ ತಿರುಗಿ ಬರುತ್ತಿತ್ತು. "ಒಳಗೆ ಎಣ್ಣೆಯೇ ಇಲ್ಲ ಸಾರ್" ಎಂದ, ಬಹಳ ಮೃದುವಾಗಿ. "ಬ್ಯಾಟರಿ ಚಾರ್ಜಿಗೆ ಹೋಗಿದ್ದೇ ನಿಮ್ಮ ಪುಣ್ಯ. ಸ್ಟಾರ್ಟ್ ಮಾಡಿದ್ರೆ ಎಂಜಿನ್ನು ಅಲ್ಲೇ ಕಚ್ಚಿಕೊಂಡು ಹೋಗ್ತಿತ್ತು."

ಗುಮಾಸ್ತರು ಹತ್ತಿರವಿದ್ದ ಟೈರಿನ ಮೇಲೆ ಕೂತರು. ರಟ್ಟು ತೋರಿಸಿದ್ದು, ಕೈ ಕುಲುಕಿದ್ದು, ಅಪ್ಪನ ಕೈಲೂ ಆಗಿರಲಿಲ್ಲ ಎಂದ ಹೆಂಡತಿಯ ದನಿ, ಎಲ್ಲ ಒಟ್ಟಿಗೆ ಮುಖಕ್ಕೆ ರಾಚಿತು. ಬಹಳ ನಾಚಿಕೆಯಾಯಿತು. ನಾಚಿಕೆ ಕಳೆದ ಮೇಲೆ ಅವರು ಮಾಡಿದ ಮೊದಲ ಕೆಲಸ ಷೆಡ್ಡಿನ ಬಾಗಿಲು ಮುಚ್ಚಿದ್ದು. "ಯಾರಿಗೂ ಹೇಳ್ಬೇಡಪ್ಪ" ಎಂದರು.

"ನಾನ್ಯಾಕೆ ಹೇಳ್ಲಿ ಸಾರ್. ನನಗೆ ಊಟ ಸೇರಿದ್ರೆ ಸಾಕು."

ಭಾನುವಾರ ಬ್ಯಾಟರಿ ಬಂತು, ಹೊಸ ಎಣ್ಣೆ ಬಂತು. ಮೆಕ್ಯಾನಿಕ್ಕು ಎಣ್ಣೆ ಸುರಿದು ಹತ್ತು ನಿಮಿಷ ಎಂಜಿನ್ ಓಡಿಸಿ ಹೋದ. ಹೆಂಡತಿ ಅಡುಗೆಮನೆಯ ಕಿಟಕಿಯಿಂದ ಎಲ್ಲವನ್ನೂ ನೋಡಿದರು, ಏನೂ ಕೇಳಲಿಲ್ಲ. ಸಂಜೆ ರಟ್ಟಿನ ಮೇಲೆ ಅಂಗೈಯಗಲ ಮಚ್ಚೆ ಬಿದ್ದಿತ್ತು. ಎಂಜಿನಿಯರು ಬಂದು ಭೂತಗನ್ನಡಿ ಹಿಡಿದು ನೋಡಿದರು.

"ಮತ್ತೆ ಸೋರಿಸಿದ್ರಾ?"

"ಹೂಂ" ಎಂದರು ಗುಮಾಸ್ತರು, ನೆಲ ನೋಡುತ್ತ.

"ಬೇಕಂದಾಗ ನಿಲ್ಲಿಸೋದು, ಬೇಕಂದಾಗ ಸೋರಿಸೋದು. ನಮ್ಮ ಇಲಾಖೇಲಿ ಇಂಥ ಒಬ್ಬರಿದ್ದಿದ್ರೆ ಊರಿನ ಕಥೆಯೇ ಬೇರೆ ಆಗ್ತಿತ್ತು" ಎಂದು ಅವರು ಬೀದಿಗೆಲ್ಲ ಹೇಳಲು ಹೊರಟರು. ಗುಮಾಸ್ತರಿಗೆ ತಡೆಯಬೇಕು ಎನ್ನಿಸಿತು. ಆದರೆ ಒಳ್ಳೆಯ ಮಾತನ್ನು ಅರ್ಧಕ್ಕೆ ತಡೆಯುವುದು ಅವರ ಸ್ವಭಾವದಲ್ಲಿ ಇರಲಿಲ್ಲ.

ಸೋಮವಾರ ಹನ್ನೊಂದಕ್ಕೆ ಅಧಿಕಾರಿ ಬಂದಾಗ ಷೆಡ್ಡಿನ ಮುಂದೆ ಅರ್ಧ ಬೀದಿ ನೆರೆದಿತ್ತು. ಅವರು ಅಡಿಗೆ ತೂರಿ, ಎದ್ದು, ಬೆರಳಿಗೆ ಹತ್ತಿದ ಎಣ್ಣೆಯನ್ನು ಉಜ್ಜಿಕೊಂಡು ಸಮಾಧಾನದಿಂದ ತಲೆಯಾಡಿಸಿದರು. "ಸರಿಯಾದ ಜಾಗದಲ್ಲೇ ಸೋರ್ತಿದೆ. ಎಂಜಿನ್ ನಂಬರೂ ಕಚೇರಿ ದಾಖಲೆಗೆ ತಾಳೆ ಆಗಿದೆ." ಕಡತ ಬಿಚ್ಚಿದರು, ಪೆನ್ನು ತೆಗೆದರು. ಹೆಂಡತಿ ನೆಮ್ಮದಿಯ ಉಸಿರು ಬಿಟ್ಟರು.

ಗೆಳೆಯನಿಗೆ ನೆರವಾಗಲು ಇದೇ ತಕ್ಕ ಸಮಯ ಎಂದು ಎಂಜಿನಿಯರಿಗೆ ತೋರಿತು. ಅವರು ಮುಂದೆ ಬಂದರು. "ನೀವು ಇವರನ್ನ ಮೆಚ್ಚಿಕೊಳ್ಬೇಕು ಸಾರ್. ಸೋರಿಕೆ ಪೂರ್ತಿ ನಿಲ್ಲಿಸಿದ್ದೋರು. ಬರೀ ನಿಮಗೋಸ್ಕರ, ನೀವು ಹೇಳಿದ್ರಿ ಅಂತ, ಸ್ವಂತ ವಿದ್ಯೆಯಿಂದ ಈ ಸೋರಿಕೆ ತಯಾರು ಮಾಡಿದ್ದಾರೆ. ನಾನೇ ಸಾಕ್ಷಿ."

"ಹೌದು ಸಾರ್, ನಾವೆಲ್ಲ ನೋಡಿದ್ದೀವಿ" ಎಂದ ಹೆಂಡತಿಯ ತಮ್ಮ, ಭಾವನ ಬಗ್ಗೆ ಹೆಮ್ಮೆಯಿಂದ.

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. "ತಯಾರು ಮಾಡಿದ ಸೋರಿಕೆಯಾ ಇದು?" ಎಂದು ಗುಮಾಸ್ತರನ್ನು ಕೇಳಿದರು. "ಹಾಗಾದ್ರೆ ಎಂಜಿನ್ನಿಗೆ ಮಾರ್ಪಾಡಾಗಿದೆ. ಅದರ ಮೇಲೆ ಇಲಾಖೆಗೆ ಮೋಸ. ಗಾಡಿ ಗುಜರಿಗೆ, ನಿಮಗೆ ನೋಟಿಸು."

ಗುಮಾಸ್ತರು ತಲೆ ಎತ್ತಿದರು. ಎದುರಿಗೆ ನೆರೆಹೊರೆಯವರು ನಿಂತಿದ್ದರು, ನಾಲ್ಕು ದಿನದಿಂದ ಅವರನ್ನು ಕಂಡರೆ ಎದ್ದು ನಿಲ್ಲುತ್ತಿದ್ದ ನೆರೆಹೊರೆಯವರು. ಪಕ್ಕದಲ್ಲಿ ಹೆಂಡತಿ. ಆಕೆ ಗಂಡನ ಮುಖ ನೋಡಿದರು, ಕಾರನ್ನು ನೋಡಿದರು, ಆಮೇಲೆ ಅತ್ಯಂತ ಸಾಧಾರಣ ದನಿಯಲ್ಲಿ ಕೇಳಿದರು. "ರೀ, ರಿಜಿಸ್ಟರ್ ತರ್ಲಾ?"

ಆಕೆಗೆ ಎಲ್ಲ ಗೊತ್ತಿದೆ ಎಂದು ಗುಮಾಸ್ತರಿಗೆ ಆಗ ಹೊಳೆಯಿತು. ಗೊತ್ತಿದ್ದೂ ನಿನ್ನೆಯಿಂದ ಸುಮ್ಮನಿದ್ದಾಳೆ ಎಂಬುದೂ ಹೊಳೆಯಿತು. ಅವರಿಗೆ ಆಕೆಯ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು. "ತಗೊಂಡು ಬಾ" ಎಂದರು.

ಅಧಿಕಾರಿಯ ಕಡೆ ತಿರುಗಿದರು. "ಸಾರ್, ನಾನು ಏನೂ ನಿಲ್ಲಿಸಿಲ್ಲ. ಏನೂ ತಯಾರು ಮಾಡಿಲ್ಲ."

"ವಿನಯ ನೋಡಿ" ಎಂದರು ಎಂಜಿನಿಯರು.

"ವಿನಯ ಅಲ್ಲ ಸಾರ್, ಎಣ್ಣೆ ಇರ್ಲಿಲ್ಲ. ಹಾಕೋದು ಮರೆತಿದ್ದೆ."

ಯಾರೂ ನಂಬಲಿಲ್ಲ. ಅಷ್ಟು ದೊಡ್ಡ ಕೆಲಸ ಮಾಡಿದವರು ಅಷ್ಟು ಸಣ್ಣದನ್ನು ಮರೆಯುತ್ತಾರೆಯೇ ಎಂದು ಹೆಂಡತಿಯ ತಮ್ಮ ಜಗಳಕ್ಕೇ ನಿಂತ. ತಮ್ಮ ದಡ್ಡತನವನ್ನು ರುಜುವಾತು ಮಾಡಲು ಗುಮಾಸ್ತರು ಕಾಲು ಗಂಟೆ ಹೆಣಗಬೇಕಾಯಿತು. ಕೊನೆಗೆ ಅಧಿಕಾರಿ ರಿಜಿಸ್ಟರನ್ನು ಕೈಗೆ ತೆಗೆದುಕೊಂಡರು. ಒಂದರಿಂದ ಇಪ್ಪತ್ತೇಳರವರೆಗೆ ಓದಿದರು. ಮೂರಕ್ಕೆ ವಾಪಸು ಬಂದು ಅಲ್ಲೇ ನಿಂತರು. ವಿಲೇವಾರಿ ಆಗಿದೆ. ಅವರೂ ಇಪ್ಪತ್ತು ವರ್ಷ ಕಡತಗಳ ನಡುವೆ ಬಾಳಿದವರು.

"ಹೀಗೆ ಬರೆದ ಮೇಲೆ ಯಾರು ತಾನೇ ನೋಡ್ತಾರೆ ಬಿಡಿ" ಎಂದರು, ನಿಜವಾದ ಮರುಕದಿಂದ. "ನನಗೆ ಅರ್ಥ ಆಯ್ತು." ಪೆನ್ನಿನ ಮುಚ್ಚಳ ತೆಗೆದು, ಪ್ರಮಾಣಪತ್ರದ ಷರಾ ಜಾಗದಲ್ಲಿ ದುಂಡಗೆ ಬರೆದು, ಮೊಹರು ಒತ್ತಿದರು. ಇದನ್ನು ಮುಂದಿನ ಗಾಜಿಗೆ ಹತ್ತು ಅಡಿ ದೂರದಿಂದ ಓದಲು ಬರುವಂತೆ ಅಂಟಿಸುವುದು ಕಡ್ಡಾಯ ಎಂದು ಹೇಳಿ ಹೋದರು.

ಹೆಂಡತಿಯ ತಮ್ಮ ಗಟ್ಟಿಯಾಗಿ ಓದಿದ. "ಮಾಲೀಕರು ಸ್ವತಃ ನಡೆಸಿದ ರಿಪೇರಿಯಿಂದ ಈ ಎಂಜಿನ್ನಿನ ಮೂಲಸ್ಥಿತಿಯಲ್ಲಿ ಯಾವುದೇ ಬದಲಾವಣೆ ಉಂಟಾಗಿರುವುದಿಲ್ಲ." ಓದಿದವನು ಅಂಟು ತರಲು ತಾನೇ ಓಡಿದ. ಎಂಜಿನಿಯರು ಮಾತ್ರ ತಲೆ ಅಲ್ಲಾಡಿಸುತ್ತ, ಇದರಲ್ಲಿ ಏನೋ ಗುಟ್ಟಿದೆ ಎನ್ನುತ್ತ ಮನೆಗೆ ಹೋದರು.

ಹೆಂಡತಿ ಸ್ಟೇರಿಂಗ್ ಹಿಂದೆ ಕೂತು, "ಬನ್ರಿ, ಒಂದು ಸುತ್ತು ಹೋಗ್ಬರೋಣ" ಎಂದರು. ಆಕೆಯ ಮುಖ ಮತ್ತೆ ಅರಳಿತ್ತು. ಗುಮಾಸ್ತರು ಪಕ್ಕದಲ್ಲಿ ಮುದುಡಿ ಕೂತರು. ವೃತ್ತದ ಹತ್ತಿರ ಕೆಂಪು ದೀಪ ಬಿತ್ತು. ಅಲ್ಲಿದ್ದ ಪೊಲೀಸಿನವನು ಕಾರನ್ನು ನೋಡಿ ಹತ್ತಿರ ಬಂದ, ಗಾಜಿನ ಮೇಲಿನ ಕಾಗದವನ್ನು ತುಟಿಯಾಡಿಸುತ್ತ ಕೊನೆಯವರೆಗೂ ಓದಿದ, ಕಿಟಕಿಗೆ ಬಗ್ಗಿದ.

"ಒಳ್ಳೆ ಗಾಡಿ. ಈ ರಿಪೇರಿ ಮಾಡಿದ ಮಾಲೀಕರು ಯಾರು?"

ಹೆಂಡತಿ ರಸ್ತೆಯ ಮೇಲೆ ಕಣ್ಣು ನೆಟ್ಟು, ತುಟಿ ಬಿಗಿ ಹಿಡಿದು ಕೂತರು. ಗುಮಾಸ್ತರು ಬೆನ್ನು ನೆಟ್ಟಗೆ ಮಾಡಿಕೊಂಡರು.

"ನಾನೇ" ಎಂದರು. "ಮೂರು ದಿನ, ಒಬ್ಬನೇ."